ಮೂರನೇ ಸಿಲಿಂಡರಿಗೆ ಗಾಜಿನ ತೇಪೆ

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಅರ್ಧ ನಿಮಿಷ ಕಾರು ಕುಂಟುತ್ತಿತ್ತು. ಬಾನೆಟ್ ನಡುಗುತ್ತಿತ್ತು, ಎಂಜಿನ್ ಮಿಸ್ ಹೊಡೆಯುತ್ತಿತ್ತು, ಆಮೇಲೆ ಸೈಲೆನ್ಸರಿನಿಂದ ಒಂದು ದಪ್ಪ ಬಿಳಿ ಮೋಡ ಹೊರಬಿದ್ದು ಎಲ್ಲ ಸರಿಯಾಗುತ್ತಿತ್ತು. ತಣ್ಣಗಿನ ಎಂಜಿನ್ನಿಂದ ಆವಿ ಬರೋದು ಸಹಜ ಅಂತ ಹದಿನೈದು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಹಜವಾದ ಆವಿ ಎಂಜಿನ್ ಬಿಸಿಯಾದರೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ, ತೆಳ್ಳಗೆ ಹಿಂದೆಯೇ ಬರುತ್ತಿತ್ತು. ಒಂದು ದಿನ ಬಗ್ಗಿ ಮೂಸಿ ನೋಡಿದೆ. ಸಿಹಿ ವಾಸನೆ. ಎಂಜಿನ್ ತಣಿಸುವ ದ್ರವ ಕೂಲಂಟ್, ಅದರಲ್ಲಿನ ಗ್ಲೈಕಾಲ್ ಎಂಜಿನ್ನಿನೊಳಗೆ ಹೋಗಿ ಹೊರಬಂದರೆ ಹೀಗೇ ನಾರುತ್ತದೆ. ಕೂಲಂಟಿನ ರಿಸರ್ವ್ ಟ್ಯಾಂಕಿನ ಮಟ್ಟ ವಾರಕ್ಕೆ ಎರಡು ಬೆರಳಷ್ಟು ಇಳಿಯುತ್ತಿತ್ತು, ಕಾರಿನ ಕೆಳಗೆ ಮಾತ್ರ ಒಂದು ಹನಿಯೂ ಇಲ್ಲ.

ಮೆಕ್ಯಾನಿಕ್ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಬನಿಯನ್ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಅವುಗಳಲ್ಲಿ ಮೂರು ಪ್ಲಗ್ಗುಗಳ ಮೂತಿ ತಿಳಿ ಕಂದು. ಮೂರನೇ ಸಿಲಿಂಡರಿನದು ಮಾತ್ರ ಈಗಷ್ಟೇ ಅಂಗಡಿಯಿಂದ ತಂದಂತೆ ಬೆಳ್ಳಗೆ. ಒಳಗೆ ಹೋದ ನೀರು ಆವಿಯಾಗಿ ತೊಳೆದಿದ್ದು. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರೆ 170, 165, 135, 170 ಪಿಎಸ್‌ಐ, ಮೂರನೆಯದೇ ಕಡಿಮೆ. ಕೊನೆಗೆ ಅವರು ರೇಡಿಯೇಟರ್ ಬಾಯಿಗೆ ಒಂದು ಗಾಜಿನ ಕೊಳವೆ ಸಿಕ್ಕಿಸಿ, ಅದರಲ್ಲಿ ನೀಲಿ ದ್ರವ ತುಂಬಿಸಿ, ಮೇಲಿನ ರಬ್ಬರ್ ಬಲ್ಬ್ ಒತ್ತತೊಡಗಿದರು. ರೇಡಿಯೇಟರಿನ ಗಾಳಿ ಆ ನೀಲಿಯೊಳಗೆ ಗುಳುಗುಳು ಅಂತ ಹಾದುಹೋಗುತ್ತಿತ್ತು. ಹೊಗೆಯ ಕಾರ್ಬನ್ ಡೈಆಕ್ಸೈಡ್ ಅದರಲ್ಲಿದ್ದರೆ ಬಣ್ಣ ಬದಲಾಗುತ್ತದೆ. ನೀಲಿ ಮೊದಲು ಪಾಚಿ ಹಸಿರಾಯಿತು, ನಾವು ನೋಡುತ್ತಿದ್ದಂತೆ ಹಳದಿಯಾಯಿತು.

"ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸ್ಬೇಕು ಸಾರ್" ಅಂದರು.

ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇರುವ ಒಂದು ತೆಳು ಹಾಳೆ ಈ ಹೆಡ್ ಗ್ಯಾಸ್ಕೆಟ್. ಅದರ ಪಾಡು ಯಾರಿಗೂ ಬೇಡ. ಪೆಟ್ರೋಲ್ ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗೆ ಹತ್ತಾರು ಬಾರ್ ಒತ್ತಡ, ಎರಡು ಸಾವಿರ ಡಿಗ್ರಿ ದಾಟುವ ಶಾಖ. ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆ, ಒಂದು ಬಾರ್ ಒತ್ತಡದಲ್ಲಿ ಕೂಲಂಟ್. ಪಕ್ಕದ ಇನ್ನೊಂದು ತೂತಿನಲ್ಲಿ ಆಯಿಲ್. ಈ ಮೂರು ಒಂದನ್ನೊಂದು ಮುಟ್ಟದ ಹಾಗೆ ಕಾಯುವುದು ಅದರ ಕೆಲಸ. ಸಾಲದ್ದಕ್ಕೆ, ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇದ್ದರೆ, ಅದೇ ಶಾಖಕ್ಕೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮೇಲಿನವನು ಎಳೆಯುತ್ತಾನೆ, ಕೆಳಗಿನವನು ಹಿಡಿಯುತ್ತಾನೆ, ನಡುವೆ ಇದು ಉಜ್ಜಿಸಿಕೊಳ್ಳುತ್ತಾ ಕೂರಬೇಕು.

ಗ್ಯಾಸ್ಕೆಟ್ ಅಗ್ಗ, ಅಲ್ಲಿಗೆ ತಲುಪುವ ಕೂಲಿ ದುಬಾರಿ. ಮೆಕ್ಯಾನಿಕ್ ಹೇಳಿದ ಮೊತ್ತಕ್ಕೂ ನನ್ನ ಹಳೇ ಕಾರು ಮಾರಿದರೆ ಬರುವ ಹಣಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೀಗಾಗಿಯೇ ಆ ಬಾಟಲಿ ನೆನಪಾಗಿದ್ದು. ರೇಡಿಯೇಟರಿಗೆ ಸುರಿದರೆ ಸಾಕು, ಹೆಡ್ ಬಿಚ್ಚದೆ ಸೋರಿಕೆ ಮುಚ್ಚುತ್ತದೆ ಅನ್ನುವ ಮದ್ದು. ಮೆಕ್ಯಾನಿಕ್ ನಗಲಿಲ್ಲ. "ಹಾಕಿ ಸಾರ್, ಬೇಡ ಅನ್ನಲ್ಲ. ನನ್ನ ಶೆಡ್ಡಲ್ಲಿ ಬೇಡ ಅಷ್ಟೆ. ನಾಳೆ ರೇಡಿಯೇಟರ್ ಕಟ್ಕೊಂಡ್ರೆ ನನ್ ಹೆಸರು ಹೇಳ್ತೀರ" ಅಂದರು. ಒಂದು ಮಾತು ಮಾತ್ರ ಸೇರಿಸಿದರು: ಆಯಿಲ್ ಕ್ಯಾಪ್ ತೆಗೆದು ನೋಡಿ, ಒಳಗೆ ಕೆನೆ ಕಟ್ಟಿದ ಹಾಗಿದ್ದರೆ ನೀರು ಆಯಿಲಿಗೆ ಸೇರಿದೆ ಅಂತ, ಆಗ ಆ ಮದ್ದನ್ನು ಮುಟ್ಟಲೇಬೇಡಿ. ನೋಡಿದೆ. ಆಯಿಲ್ ಆಯಿಲಿನಂತೆಯೇ ಇತ್ತು.

ಎರಡು ಬಾಟಲಿ ತಂದೆ. ನಾಲ್ಕು ಸಿಲಿಂಡರಿಗೆ ಒಂದೇ ಸಾಕು ಅಂತ ಬರೆದಿತ್ತು. ಎರಡನೆಯದು ಧೈರ್ಯಕ್ಕೆ.

ಮದ್ದಿನ ಮುಖ್ಯ ಸರಕು ಸೋಡಿಯಂ ಸಿಲಿಕೇಟ್, ಅಂದರೆ ನೀರಿನಲ್ಲಿ ಕರಗಿದ ಗಾಜು ಅನ್ನಬಹುದು. ಜೊತೆಗೆ ತಾಮ್ರದ ಸಣ್ಣ ಚೂರುಗಳು. ಬಿರುಕಿನ ಬಳಿ ಶಾಖ ತಗುಲಿದಾಗ ನೀರು ಆವಿಯಾಗಿ ಹೋಗುತ್ತದೆ, ಗಾಜಿನಂಥ ಗಟ್ಟಿ ಪದರ ಅಲ್ಲೇ ಉಳಿಯುತ್ತದೆ. ಎಲ್ಲಿ ಸೋರುತ್ತದೋ ಅಲ್ಲೇ ಗಟ್ಟಿಯಾಗಬೇಕು ಅನ್ನುವುದು ಲೆಕ್ಕ. ಬುದ್ಧಿವಂತ ಲೆಕ್ಕವೇ. ಒಂದು ತಕರಾರು ಏನೆಂದರೆ, ನಾನು ತಂದ ಬಗೆಯದು ಗ್ಲೈಕಾಲ್ ಜೊತೆ ಸೇರಿದರೆ ಅಂಬಲಿಯಂತೆ ಮುದ್ದೆಯಾಗುತ್ತದೆ. ಅದಕ್ಕೇ ಹಳೇ ಕೂಲಂಟಿನ ಕೊನೇ ಹನಿಯನ್ನೂ ತೊಳೆಯಬೇಕು.

ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಕೆಳಗಿನ ಹೋಸ್ ಬಿಚ್ಚಿ ಬೇಸಿನ್ನಿಗೆ ಕೂಲಂಟ್ ಇಳಿಸಿ ಕೂಡಲೇ ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದೆ. ಅದರ ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಈ ಕೆಲಸಕ್ಕೆ ಕೈಹಾಕುವವರು ಬೇರೇನು ಮರೆತರೂ ಇದನ್ನು ಮರೆಯಬಾರದು. ನೀರು ತುಂಬಿಸಿ, ಎಂಜಿನ್ ಓಡಿಸಿ, ತಣಿಯಲು ಬಿಟ್ಟು, ಖಾಲಿ ಮಾಡುವುದು. ಹೀಗೆ ಮೂರು ಸಲ. ಮೂರನೇ ಸಲವೂ ನಸು ಹಸಿರಿತ್ತು, ನಾಲ್ಕನೇ ಸಲಕ್ಕೆ ತಿಳಿಯಾಯಿತು. ಅಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ.

ಆಮೇಲೆ ಥರ್ಮೋಸ್ಟಾಟ್. ಎರಡು ಬೋಲ್ಟ್ ತೆಗೆದರೆ ಅಂಗೈಯಲ್ಲಿ ಕೂರುವ ಸ್ಪ್ರಿಂಗಿನ ಬಿಲ್ಲೆ, ಅಂಚಿನಲ್ಲಿ 82 ಅಂತ ಒತ್ತಿದ್ದಾರೆ. ನೀರು 82 ಡಿಗ್ರಿಗೆ ಬರುವವರೆಗೆ ರೇಡಿಯೇಟರಿನ ದಾರಿ ಮುಚ್ಚಿ ಹಿಡಿಯುವ ಬಾಗಿಲು ಅದು. ಮದ್ದು ಮೊದಲ ನಿಮಿಷದಿಂದಲೇ ಎಲ್ಲ ಕಡೆ ಸುತ್ತಬೇಕಾದ್ದರಿಂದ ಬಾಗಿಲನ್ನೇ ಕಿತ್ತಿಟ್ಟೆ. ಕೆಲವು ಮದ್ದುಗಳಲ್ಲಿ ಸೋರುವ ಸಿಲಿಂಡರಿನ ಪ್ಲಗ್ಗನ್ನೂ ಬಿಚ್ಚಿ ಓಡಿಸಲು ಹೇಳುತ್ತಾರೆ, ಒಳಗಿನ ಒತ್ತಡ ಮದ್ದನ್ನು ಹಿಂದಕ್ಕೆ ಊದಿಬಿಡಬಾರದು ಅಂತ. ನನ್ನ ಬಾಟಲಿ ಅಷ್ಟು ಕೇಳಲಿಲ್ಲ.

ಬಾಟಲಿ ಅಲ್ಲಾಡಿಸಿ ತೆಳುವಾಗಿ ಸುರಿದೆ. ಬಿಸಿಲಿಗೆ ತಾಮ್ರದ ಚೂರುಗಳು ಮಿರಿಮಿರಿ ಹೊಳೆಯುತ್ತಾ ರೇಡಿಯೇಟರಿನ ಕತ್ತಲೆಗೆ ಇಳಿದವು. ಕಾರಿನೊಳಗೆ ಕೂತು ಹೀಟರ್ ಪೂರ್ತಿ ತಿರುಗಿಸಿ ಅರ್ಧ ಗಂಟೆ ಐಡಲ್‌ನಲ್ಲಿ ಬಿಡಬೇಕು. ಬೆವರು ಕಣ್ಣಿಗಿಳಿಯುತ್ತಿತ್ತು, ನನ್ನ ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೆ. ಹತ್ತನೇ ನಿಮಿಷ ಹಿಂದೆ ಹೊಗೆ ದಟ್ಟವಾಯಿತು. ಕೆಟ್ಟೆ ಅಂದುಕೊಂಡೆ. ಹದಿನೆಂಟನೇ ನಿಮಿಷಕ್ಕೆ ತೆಳುವಾಯಿತು. ಇಪ್ಪತ್ತೈದಕ್ಕೆ ಇಳಿದು ಹಿಂದೆ ಹೋಗಿ ನೋಡಿದರೆ ಹೊಗೆಯೇ ಇಲ್ಲ. ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿದೆ. ಒಣ ಗಾಳಿ. ಒಬ್ಬನೇ ನಿಂತು ನಕ್ಕೆ.

ತಣಿದ ಮೇಲೆ ಎಲ್ಲ ಇಳಿಸಿ, ಮುಚ್ಚಳ ತೆರೆದು 24 ಗಂಟೆ ಒಣಗಲು ಬಿಡಬೇಕಿತ್ತು. ಆ ರಾತ್ರಿ ಸುಮ್ಮನೆ ಮಲಗುವುದು ಬಿಟ್ಟು ಸೋಡಿಯಂ ಸಿಲಿಕೇಟ್ ಬಗ್ಗೆ ಓದುತ್ತಾ ಕೂತೆ. 2009ರಲ್ಲಿ ಅಮೆರಿಕ ಸರ್ಕಾರ ಜನರಿಂದ ಹಳೇ ಗಾಡಿ ವಾಪಸ್ ತೆಗೆದುಕೊಂಡು ಹೊಸದಕ್ಕೆ ಸಹಾಯಧನ ಕೊಡುವ ಯೋಜನೆ ನಡೆಸಿತ್ತು. 6.5 ಲಕ್ಷಕ್ಕೂ ಹೆಚ್ಚು ಗಾಡಿ ಬಂದವು. ಅವು ಮತ್ತೆ ರಸ್ತೆಗಿಳಿಯಬಾರದಲ್ಲ, ಎಂಜಿನ್ ಕೊಲ್ಲಬೇಕು. ಆಯಿಲ್ ಇಳಿಸಿ ಅದರ ಜಾಗಕ್ಕೆ ಸುಮಾರು ಎರಡು ಲೀಟರ್ ದ್ರವ ಸುರಿದು ರೇಸ್ ಕೊಡುತ್ತಿದ್ದರು. ನಿಮಿಷಗಳಲ್ಲಿ ಬೇರಿಂಗ್ ಕಚ್ಚಿಕೊಂಡು ಎಂಜಿನ್ ಜಾಮ್. ಆ ದ್ರವ ಸೋಡಿಯಂ ಸಿಲಿಕೇಟ್. ಮೆಕ್ಯಾನಿಕ್ ಆಯಿಲ್ ಕ್ಯಾಪ್ ನೋಡಲು ಯಾಕೆ ಹೇಳಿದರು ಅಂತ ರಾತ್ರಿ ಹನ್ನೆರಡಕ್ಕೆ ಅರ್ಥವಾಯಿತು. ಟಾರ್ಚ್ ಹಿಡಿದು ಹೋಗಿ, ಆಯಿಲ್ ನೋಡುವ ಕಡ್ಡಿ ಡಿಪ್‌ಸ್ಟಿಕ್ ಎಳೆದು ಇನ್ನೊಮ್ಮೆ ನೋಡಿ ಬಂದೆ.

ಮರುದಿನ ಸಂಜೆ ಥರ್ಮೋಸ್ಟಾಟ್ ಕೂರಿಸಿ ಹೊಸ ಕೂಲಂಟ್ ತುಂಬಿಸಿದೆ. ಮಂಗಳವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ನಾಲ್ಕೂ ಸಿಲಿಂಡರ್ ಒಟ್ಟಿಗೆ ಎದ್ದವು. ರಿಸರ್ವ್ ಟ್ಯಾಂಕಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದೆ. ಎರಡನೇ ವಾರವೂ ಮಟ್ಟ ಗೆರೆಯ ಮೇಲೇ ಇತ್ತು. ಕಂಡಕಂಡವರಿಗೆಲ್ಲ ಕಥೆ ಹೇಳಿದೆ. ಮೆಕ್ಯಾನಿಕ್‌ಗಂತೂ ಬೇಕೆಂದೇ ಹೋಗಿ ಹೇಳಿ ಬಂದೆ. "ಒಳ್ಳೇದಾಯ್ತು ಸಾರ್" ಅಂದು ಅವರು ಕೈಯಲ್ಲಿದ್ದ ಕ್ಲಚ್ ಪ್ಲೇಟಿಗೆ ಮರಳಿದರು.

ಮೂರನೇ ವಾರ ಮಳೆಯಲ್ಲಿ ಕಾರಿನ ಮುಂದಿನ ಗಾಜು ಮಬ್ಬಾಯಿತು, ಹೀಟರ್ ಹಾಕಿದೆ. ತಣ್ಣನೆಯ ಗಾಳಿ. ಡ್ಯಾಶ್‌ಬೋರ್ಡಿನೊಳಗಿನ ಹೀಟರ್ ಎಂದರೂ ಒಂದು ಪುಟ್ಟ ರೇಡಿಯೇಟರೇ, ಅದರ ಕೊಳವೆಗಳು ಇನ್ನೂ ಕಿರಿದು. ಮದ್ದಿಗೆ ಬಿರುಕು ಯಾವುದು, ಕೊಳವೆ ಯಾವುದು ಅನ್ನುವ ಭೇದ ಅಷ್ಟಾಗಿ ಗೊತ್ತಾಗಿರಲಿಲ್ಲ. ಇರಲಿ ಬಿಡು, ಬಟ್ಟೆಯಲ್ಲಿ ಒರೆಸಿದರಾಯಿತು ಅಂದುಕೊಂಡೆ.

ಏಳು ವಾರ, ಸುಮಾರು 1,800 ಕಿ.ಮೀ. ನಡೆಯಿತು. ಒಂದು ಉದ್ದನೆಯ ಏರಿನಲ್ಲಿ, ಕಾರಿನ ತುಂಬ ಜನ ಮತ್ತು ಸಾಮಾನು ಇದ್ದಾಗ, ಮುಳ್ಳು ಏರತೊಡಗಿತು. ಎಸಿ ಆರಿಸಿದೆ. ಇಂಥ ಹೊತ್ತಿನಲ್ಲಿ ಹೀಟರ್ ಪೂರ್ತಿ ಹಾಕಿದರೆ ಎಂಜಿನ್ನಿನ ಶಾಖ ಒಂದಿಷ್ಟು ಒಳಗೆ ಎಳೆದುಕೊಂಡು ಮುಳ್ಳು ಇಳಿಯುತ್ತದೆ, ಡ್ರೈವರುಗಳಿಗೆಲ್ಲ ಗೊತ್ತಿರುವ ಉಪಾಯ. ಹಾಕಿದೆ. ಅದೇ ತಣ್ಣನೆಯ ಗಾಳಿ ಮುಖಕ್ಕೆ ಬೀಸಿತು. ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಕನ್ನಡಿಯಲ್ಲಿ ಬಿಳಿ ಮೋಡ ರಸ್ತೆಯನ್ನೆಲ್ಲ ತುಂಬಿತ್ತು.

ಹೆಡ್ ಇಳಿಸಿದ ದಿನ ನಾನೂ ಶೆಡ್ಡಿನಲ್ಲಿದ್ದೆ. ಮೆಕ್ಯಾನಿಕ್ ಗ್ಯಾಸ್ಕೆಟ್ ಎತ್ತಿ ಬೆಳಕಿಗೆ ಹಿಡಿದು "ಇಲ್ನೋಡಿ ಸಾರ್" ಅಂದರು. ಮೂರನೇ ಸಿಲಿಂಡರಿನ ಉಂಗುರಕ್ಕೂ ಪಕ್ಕದ ನೀರಿನ ತೂತಿಗೂ ನಡುವೆ ಹುಣಸೆ ಬೀಜದ ಉದ್ದದ ಬೂದು ಗೆರೆ, ಅದರಲ್ಲಿ ಅಲ್ಲಲ್ಲಿ ತಾಮ್ರದ ಮಿಂಚು. ಉಗುರಿನಿಂದ ಕೆರೆದೆ, ಬರಲಿಲ್ಲ. ಸ್ಕ್ರೂಡ್ರೈವರ್ ಮೊನೆಗೂ ಜಗ್ಗಲಿಲ್ಲ. ಮದ್ದು ಹಾಕಿದ ಜಾಗದಲ್ಲಿ ಮದ್ದು ಗಟ್ಟಿಯಾಗೇ ಕೂತಿತ್ತು. ಹೊಸದಾಗಿ ಸುಟ್ಟು ಕಪ್ಪಾಗಿದ್ದು ಅದರಿಂದ ಒಂದು ಬೆರಳು ಆಚೆ, ಎರಡು ಮತ್ತು ಮೂರನೇ ಸಿಲಿಂಡರಿನ ನಡುವಿನ ಕಿರಿದಾದ ಸೇತುವೆಯಲ್ಲಿ.

ಹೆಡ್ಡನ್ನು ಮಗುಚಿ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಕೆಳಗೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆಗಳನ್ನು, ತೂರಿಸಿದರು. 0.05 ಮಿ.ಮೀ. ಎಲೆ ಸಲೀಸಾಗಿ ಹೋಯಿತು. 0.10 ಹೋಯಿತು. 0.15 ಕೂಡ ಮೆಲ್ಲಗೆ ಜಾರಿತು. "ಬೆಂಡಾಗಿದೆ. ಹಿಂದೆ ಯಾವಾಗಾದ್ರೂ ಓವರ್‌ಹೀಟ್ ಆಗಿತ್ತಾ?"

ಆಗಿತ್ತು. ಹಿಂದಿನ ವರ್ಷ ರೇಡಿಯೇಟರ್ ಫ್ಯಾನಿನ ರಿಲೇ ಕೆಟ್ಟು ಟ್ರಾಫಿಕ್‌ನಲ್ಲಿ ಮುಳ್ಳು ಕೆಂಪಿಗೆ ಹೋಗಿತ್ತು. ಇನ್ನೆರಡು ಕಿಲೋಮೀಟರ್ ತಾನೆ ಅಂತ ಓಡಿಸಿದ್ದೆ. ಮೊದಲ ಸಲ ಕಾರು ತಂದಾಗ ಅವರು ಇದನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಈಗ ಹೇಳಿದೆ, ಕಿಲೋಮೀಟರ್ ಸ್ವಲ್ಪ ಕಡಿಮೆ ಮಾಡಿ.

ಹೆಡ್ ಫೇಸಿಂಗಿಗೆ, ಅಂದರೆ ಅಡಿಯನ್ನು ಹೆರೆದು ಸಮ ಮಾಡಿಸಲು, ಹೋಗಿ ಬಂತು. ಹಳೇ ಬೋಲ್ಟುಗಳನ್ನು ಅವರು ಮತ್ತೆ ಬಳಸಲಿಲ್ಲ, ಒಮ್ಮೆ ಎಳೆದ ಮೇಲೆ ಮೊದಲಿನ ಹಿಡಿತ ಇರೋದಿಲ್ಲ ಅಂತ ಹೊಸದೇ ತರಿಸಿದರು. ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ ಅವನ್ನು ಬಿಗಿಯುವಾಗ, ಬಿಗಿತ ಅಳೆಯುವ ಟಾರ್ಕ್ ರೆಂಚಿನ ಟಕ್ ಅನ್ನುವ ಸದ್ದು ಕೇಳುತ್ತಾ ಕೂತಿದ್ದೆ. ಹೀಟರಿಗೆ ಹಿಂದುಮುಂದಾಗಿ ನೀರು ಹಾಯಿಸಿದರು, ತಾಮ್ರದ ಚೂರು ಬೆರೆತ ಬೂದು ನೀರು ಬಂತು. ಗಾಳಿ ಈಗ ಬೆಚ್ಚಗಿದೆ, ಬಿಸಿ ಅನ್ನುವ ಹಾಗಿಲ್ಲ.

ಹೊರಡುವಾಗ ಡಿಕ್ಕಿಯಲ್ಲಿ ಆ ಎರಡನೇ ಬಾಟಲಿ ಕಣ್ಣಿಗೆ ಬಿತ್ತು. ಬಿಸಾಕೋಕೆ ಎಲ್ಲಾದರೂ ಜಾಗ ಇದೆಯಾ ಅಣ್ಣಾ ಅಂತ ಕೇಳಿದೆ. ಮೆಕ್ಯಾನಿಕ್ ಕೈ ಒರೆಸಿಕೊಂಡು ಬಂದು ಬಾಟಲಿ ಇಸಿದುಕೊಂಡರು, ಸೀಲ್ ಒಡೆದಿಲ್ಲವೆಂದು ತಿರುಗಿಸಿ ನೋಡಿ, ಒಳಗೆ ಶೆಲ್ಫಿನ ಮೇಲೆ ಗ್ರೀಸ್ ಡಬ್ಬಿಯ ಹಿಂದೆ ಇಟ್ಟರು.

"ಇರ್ಲಿ ಸಾರ್" ಅಂದರು. "ಯಾರಿಗಾದ್ರೂ ಬೇಕಾಗುತ್ತೆ."