ಅಂಜಿಕಿ ಆಗಂಗಿಲ್ಲೇನ್ರೀ?

ಗಂಗಾವತಿಯಲ್ಲಿ ನಾನು ಓಡಲು ಶುರು ಮಾಡಿ ಆರು ವರ್ಷ ಆಯಿತು. ಆವತ್ತಿನಿಂದ ಒಂದೇ ಪ್ರಶ್ನೆ. ಹಾಲು ಹಾಕುವ ಅಣ್ಣ ಕೇಳಿದ್ದಾರೆ, ಜೊತೆಗೆ ಕೆಲಸ ಮಾಡುವವರು ಕೇಳಿದ್ದಾರೆ, ನಾದಿನಿ ಹಬ್ಬಕ್ಕೆ ಬಂದಾಗಲೆಲ್ಲ ಕೇಳುತ್ತಾಳೆ. "ಅಂಜಿಕಿ ಆಗಂಗಿಲ್ಲೇನು?" ಕತ್ತಲಲ್ಲಿ ಒಬ್ಬಳೇ ಹೋಗೋದಕ್ಕೆ, ನಾಯಿಗಳಿಗೆ, ನಮ್ಮ ಬಿಸಿಲಿಗೆ, ಮ್ಯಾರಥಾನ್ ಅಂದರೆ 42 ಕಿಲೋಮೀಟರ್ ಅನ್ನೋ ಆ ಲೆಕ್ಕಕ್ಕೆ.

ಆಗುತ್ತದೆ. ಇವತ್ತಿಗೂ ಆಗುತ್ತದೆ. ದೊಡ್ಡ ಓಟಕ್ಕೆ ಹೆಸರು ಕೊಟ್ಟ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಆದರೆ ಸುಮ್ನೆ "ಅಂಜಿಕೆ" ಅಂತ ಒಟ್ಟಾಗಿ ಹೇಳಿಕೊಂಡರೆ ಅದಕ್ಕೆ ಮದ್ದಿಲ್ಲ. ಯಾವುದಕ್ಕೆ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ನನ್ನನ್ನೇ ಕೇಳಿಕೊಂಡರೆ ಏನಾದರೂ ಮಾಡಲು ಬರುತ್ತದೆ.

ನಾಯಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಅವು ಇರುವ ಜಾಗ ನನಗೆ ಗೊತ್ತು. ಅಲ್ಲಿ ಓಡುವುದಿಲ್ಲ, ನಡೆಯುತ್ತೇನೆ. ತೀರಾ ಹತ್ತಿರ ಬಂದರೆ ಕಲ್ಲು ಎತ್ತುವವಳಂತೆ ಬಗ್ಗುತ್ತೇನೆ. ಒಮ್ಮೆ ಕಚ್ಚಿಸಿಕೊಂಡಿದ್ದೇನೆ. 15 ನಿಮಿಷ ಸೋಪು ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಂಡೆ. ಇದರಲ್ಲಿ ನಾಳೆ ನೋಡೋಣ ಅನ್ನಬೇಡಿ.

ಬಿಸಿಲಿಗೆ ಮಾತ್ರ ನಾನು ನಿಜವಾಗಿ ಅಂಜುತ್ತೇನೆ, ಅಂಜಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೈ ಶಾಖಕ್ಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಬೆವರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತವೂ ಇಳಿಯುತ್ತದೆ. ಅದಕ್ಕೇ ಬೇಸಿಗೆಯ ಮೊದಲ ಎರಡು ವಾರ ನಾನು ನಿಧಾನ. ಬೆಳಗ್ಗೆ ಐದಕ್ಕೆ ಹೊರಟು ಏಳರೊಳಗೆ ಮನೆ. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಟೀ ಚಮಚದ ಲೆಕ್ಕ. ಇಷ್ಟೇ ನನ್ನ ಬಾಟಲಿಯಲ್ಲಿರುವುದು. ಗಂಟೆಗಟ್ಟಲೆ ಓಡುವಾಗ ಬರೀ ನೀರನ್ನೇ ಜಾಸ್ತಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೇ ಅಪಾಯವಾಗುತ್ತದೆ. ಬಿಸಿಲಲ್ಲಿ ಮೈ ಜುಮ್ಮೆಂದರೆ, ತಲೆ ತಿರುಗಿದರೆ, ಎಲ್ಲಿದ್ದೇನೆ ಅನ್ನೋದೇ ಮಸುಕಾದರೆ ಅಲ್ಲಿಗೆ ಓಟ ಮುಗಿಯಿತು. ನೆರಳು, ತಲೆ ಮೇಲೆ ನೀರು, ಜನರನ್ನು ಕೂಗುವುದು. ಇದನ್ನು ಧೈರ್ಯದಿಂದ ದಾಟಲು ಹೋಗಬಾರದು.

ಇನ್ನೊಂದು ಅಂಜಿಕೆ ಇದೆ, ಅದು ನನ್ನದಲ್ಲ, ಬೇರೆಯವರದು. "42 ಕಿಲೋಮೀಟರ್ ಹೆಣ್ಮಕ್ಕಳ ಮೈಗೆ ಆಗೂದಲ್ಲವ್ವಾ" ಅಂತ ಹಿರಿಯರೊಬ್ಬರು ನನಗೆ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ದೊಡ್ಡ ದೊಡ್ಡವರೂ ಹೀಗೇ ನಂಬಿದ್ದರು. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ಸುಸ್ತಾದರು ಅಂತ ಆ ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ಕ್ಕೆ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದಂತೂ 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ ಪದಕ ಕಳೆದುಕೊಂಡರಲ್ಲ, ಅದೇ ಕೂಟ. ನಮ್ಮವ್ವನಿಗೆ ಉಷಾ ಓಟ ಇನ್ನೂ ನೆನಪಿದೆ. ಅದೇ ಊರಲ್ಲಿ, ಅದೇ ದಿನಗಳಲ್ಲಿ ಹೆಂಗಸರು ಒಲಿಂಪಿಕ್ಸ್‌ನಲ್ಲಿ ಮೊದಲ ಸಲ 42 ಕಿಲೋಮೀಟರ್ ಓಡಿದ್ದನ್ನು ನಾನು ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರ ನೀನೂ ಓಡು" ಅಂದಳು.

ಓಡಿದೆ. ಮುಗಿಸಲಿಲ್ಲ.

ಬೇರೆ ಊರಿನ ಓಟ ಅದು. ಹುಮ್ಮಸ್ಸಿನಲ್ಲಿ ಜೋರಾಗಿ ಹೊರಟೆ. ಬೆಳಗ್ಗೆ ಅರ್ಧ ಬಾಳೆಹಣ್ಣು ಬಿಟ್ಟರೆ ಹೊಟ್ಟೆಗೆ ಏನೂ ಹಾಕಿರಲಿಲ್ಲ. 33ನೇ ಕಿಲೋಮೀಟರ್‌ನಲ್ಲಿ ರಸ್ತೆ ಅಂಚಿಗೆ ಕೂತುಬಿಟ್ಟೆ. ಕಾಲಿನಲ್ಲಿ ನೋವಿರಲಿಲ್ಲ, ಶಕ್ತಿಯೇ ಇರಲಿಲ್ಲ. ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 30 ಕಿಲೋಮೀಟರ್ ಹೊತ್ತಿಗೆ ಬರಿದಾಗುತ್ತದೆ. ಜೋರಾಗಿ ಓಡಿದರೆ ಇನ್ನೂ ಬೇಗ. ಇದನ್ನು ನಾನು ಓದಿದ್ದೆ, ನನಗೇ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ. ವ್ಯಾನಿನಲ್ಲಿ ಕೂತು ವಾಪಸ್ ಬರುವಾಗ ಅತ್ತೆ.

ಊರಿಗೆ ಬಂದ ಮರುದಿನ ಹಾಲಿನ ಅಣ್ಣ, "ಮುಟ್ಟಿದ್ರೇನ್ರೀ?" ಅಂದರು. ಇಲ್ಲ ಅಂದೆ. "ಎಲ್ಲಿತನಾ ಹೋದ್ರಿ?" 33. ಅವರು ಕ್ಯಾನು ಕೆಳಗಿಟ್ಟು ಲೆಕ್ಕ ಹಾಕಿದರು. "ಇನ್ನ ಒಂಬತ್ತು ಉಳದಾವ ಅಂದಂಗಾತು." ಆ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ನನ್ನ ಅಂಜಿಕೆ 42 ಕಿಲೋಮೀಟರಿನದ್ದಲ್ಲ, ಕೊನೆಯ ಒಂಬತ್ತರದ್ದು. ಮುಂದಿನ ಸಲ ನಾನು ಹೆಸರು ಕೊಟ್ಟದ್ದು ಮುಂಬೈ ಮ್ಯಾರಥಾನ್‌ಗೆ. ಅಲ್ಲಿ ಆ ಒಂಬತ್ತರೊಳಗೇ ಪೆಡ್ಡರ್ ರೋಡ್ ಏರು ಬರುತ್ತದೆ. ಹಾಜಿ ಅಲಿ ದಾಟಿ, ಕಾಲು ಸತ್ತ ಮೇಲೆ ಹತ್ತುವ ಏರು.

ದಣಿದ ಕಾಲಲ್ಲಿ ಹತ್ತಿ ನೋಡಲು ಮುಂಬೈಗೆ ಹೋಗಬೇಕಾಗಿಲ್ಲ, ನಮ್ಮಲ್ಲಿ ಅಂಜನಾದ್ರಿ ಇದೆ. 575 ಮೆಟ್ಟಿಲು. ಹನುಮಮಾಲೆ ಹಾಕಿದವರು ಡಿಸೆಂಬರ್‌ನಲ್ಲಿ ಬರಿಗಾಲಲ್ಲಿ ಹತ್ತುತ್ತಾರೆ. ಮೊಣಕಾಲು ಹಿಡಿದುಕೊಂಡು ಹತ್ತುವ ಅಜ್ಜಿಯರನ್ನು ನೋಡಿದ್ದೇನೆ. ಭಾನುವಾರ ಗದ್ದೆಗಳ ನಡುವೆ ಆನೆಗೊಂದಿ, ಸಾಣಾಪುರ ಅಂತ ಸುತ್ತಿ 25 ಕಿಲೋಮೀಟರ್ ಮುಗಿಸಿ, ನಿಲ್ಲದೆ ಬೆಟ್ಟಕ್ಕೆ ಹೋದೆ. ಮುಕ್ಕಾಲು ಗಂಟೆಗೊಮ್ಮೆ ಎರಡು ಖರ್ಜೂರ, ಹಸಿವಾಗಲಿ ಬಿಡಲಿ. ಮೊದಲ ಭಾನುವಾರ 200ನೇ ಮೆಟ್ಟಿಲಿಗೆ ಕೂತೆ. ಮಂಗ ಬಂದು ಖರ್ಜೂರದ ಪೊಟ್ಟಣ ಕಿತ್ತುಕೊಂಡು ಹೋಯಿತು. ಎರಡನೇ ವಾರ ಕೂರಲಿಲ್ಲ, ನಿಂತು ನಿಂತು ಹತ್ತಿದೆ. ಐದನೇ ವಾರದ ಹೊತ್ತಿಗೆ ಕಣ್ಣು ಮೆಟ್ಟಿಲು ಬಿಟ್ಟು ಮೇಲೇಳಲಿಲ್ಲ, ಬಾಯಿ ಎಣಿಸುತ್ತಲೇ ಇತ್ತು. ತುದಿಯಲ್ಲಿ ನಿಂತರೆ ಕೆಳಗೆ ತುಂಗಭದ್ರೆ, ಹಸಿರು ಗದ್ದೆ, ಆಚೆ ಹಂಪಿಯ ಬಂಡೆಗಳು. ಕಾಲು ಮಾತ್ರ ಗಡಗಡ ನಡುಗುತ್ತಿತ್ತು. ಆ ನಡುಕ ಎಷ್ಟು ಹೊತ್ತು ಇರುತ್ತದೆ, ಅದರಲ್ಲೂ ಕಾಲು ಎಷ್ಟು ಕೆಲಸ ಮಾಡುತ್ತದೆ ಅನ್ನೋದು ನನಗೆ ಅಲ್ಲೇ ಗೊತ್ತಾಯಿತು.

ಜನವರಿಯಲ್ಲಿ ಪೆಡ್ಡರ್ ರೋಡ್ ಏರು ಕಣ್ಣಿಗೆ ಬಿದ್ದಾಗ ಹೊಟ್ಟೆಯಲ್ಲಿ ಅದೇ ಹಳೇ ತಳಮಳ. ಅಕ್ಕಪಕ್ಕದವರು ನಡೆಯುತ್ತಿದ್ದರು. ನಾನು ತಲೆ ತಗ್ಗಿಸಿ ಹೆಜ್ಜೆ ಸಣ್ಣದು ಮಾಡಿಕೊಂಡೆ. ಒಂದು, ಎರಡು, ಮೂರು ಅಂತ ಎಣಿಸಲು ಶುರು ಮಾಡಿದೆ. 575 ಆಯಿತು. ಮತ್ತೆ ಒಂದರಿಂದ ಹಿಡಿದೆ. ಮೂರನೇ ಸಲದ ಎಣಿಕೆ ಇನ್ನೂ ಮುಗಿದಿರಲಿಲ್ಲ, ರಸ್ತೆ ಇಳಿಯತೊಡಗಿತು.