ಸಾಕ್ಷಿಗೆ ಕೇಳಿಸಬೇಕಲ್ಲ

ಮೊನ್ನೆ ಸೋಮವಾರ ಬೆಳಗಾವಿಯಲ್ಲಿ ತಂಗಿಯ ಮಗಳ ರಜಿಸ್ಟರ್ ಮದುವೆ ಮುಗಿಯಿತು. ಹುಡುಗ ಖಾನಾಪುರದ ಕಡೆಯ ಮರಾಠಿ ಮನೆತನದವನು, ನಾವು ಬೈಲಹೊಂಗಲದವರು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಎರಡೂ ಮನೆಯವರು ಜಗಳಾಡಿ ದಣಿದು ಕೊನೆಗೆ ಒಪ್ಪಿದ್ದು 1954ರ ವಿಶೇಷ ವಿವಾಹ ಕಾಯಿದೆಗೆ. ತಕರಾರಿಗೆಂದು ಕೊಡುವ 30 ದಿನಗಳ ಗಡುವಿನಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಕಚೇರಿಯಲ್ಲಿ ಅಂಟಿಸಿದ ನೋಟಿಸನ್ನು ಊರಿನ ಯಾರಾದರೂ ಓದಿಬಿಟ್ಟಾರೆಂದು ತಂಗಿಯ ಗಂಡ ಮಾತ್ರ ತಿಂಗಳಿಡೀ ಒದ್ದಾಡಿದ. ಮಗಳಿಗಿಂತ ಮಂದಿಯೇ ಹೆಚ್ಚು, ಆ ಮನುಷ್ಯನಿಗೆ.

ಮೂವರು ಸಾಕ್ಷಿಗಳು ಬೇಕು. ಹುಡುಗನ ಕಾಕಾ ಒಬ್ಬರು, ನಾನೊಬ್ಬ. ಮೂರನೆಯವಳು ನಮ್ಮ ಅವ್ವ; ಮೊಮ್ಮಗಳೇ ಹಟ ಹಿಡಿದು ಹೆಸರು ಬರೆಸಿದ್ದಳು. ಕಾಕಾ ಬಂದಾಗಿನಿಂದ ಗಡಿಯಾರ ನೋಡುತ್ತಿದ್ದರು. ಊಟದ ಹೋಟೆಲಿನವರಿಗೆ ಕೊಟ್ಟ ಮುಂಗಡದ ಮೇಲೆಯೇ ಅವರ ಜೀವ.

ಘೋಷಣಾ ಪತ್ರಕ್ಕೆ ಸಹಿಗಳಾದವು. ಹಾರ ಹಾಕಿಕೊಳ್ಳಿ, ಅಕ್ಷತೆ ಹಾಕಿ, ಏನನ್ನೂ ಹಾಕದಿರಿ, ಕಾಯಿದೆಯ ಅಡ್ಡಿಯಿಲ್ಲ. ಆದರೆ ಒಂದು ವಾಕ್ಯವನ್ನು ಅಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಎದುರು, ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ, ಒಬ್ಬರಿಗೊಬ್ಬರು ಹೇಳಲೇಬೇಕು. ಹುಡುಗ ಮರಾಠಿಯಲ್ಲಿ ಹೇಳಿದ. ಬೆಳಗಾವಿಯಲ್ಲಿ ಅದು ಯಾರಿಗೂ ವಿಶೇಷವೆನಿಸಲಿಲ್ಲ. ನಮ್ಮ ಹುಡುಗಿ ತಲೆ ತಗ್ಗಿಸಿ, "ನಾನು ಸಂದೀಪನಾದ ನಿನ್ನನ್ನು ನನ್ನ ಕಾನೂನುಬದ್ಧ ಪತಿಯನ್ನಾಗಿ ಸ್ವೀಕರಿಸುತ್ತೇನೆ" ಎಂದು ಗೊಣಗಿದಳು. ತನ್ನ ಹೆಸರನ್ನಂತೂ ನುಂಗಿಯೇಬಿಟ್ಟಳು.

ಗುಮಾಸ್ತ ಪುಸ್ತಕವನ್ನು ಅವ್ವನ ಮುಂದೆ ಸರಿಸಿದ. ಅವ್ವ ಪೆನ್ನು ಮುಟ್ಟಲಿಲ್ಲ.

"ನನಗೆ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿಸಿರಿ ಸಾಹೇಬರೇ."

"ಒಮ್ಮೆ ಹೇಳಿದರೆ ಸಾಕು, ಅಜ್ಜಿ."

"ನಿಮಗೆ ಸಾಕು. ಸಾಕ್ಷಿ ನಾನಲ್ಲವೇ? ಕೇಳಿಸದ ಮಾತಿಗೆ ಹೇಗೆ ಸಹಿ ಮಾಡಲಿ?"

ಕಾಕಾ ನಿಟ್ಟುಸಿರು ಬಿಟ್ಟರು. ಅಧಿಕಾರಿ ಮಾತ್ರ ನಕ್ಕು, "ಅಜ್ಜಿ ಹೇಳುವುದು ಸರಿ, ಹೇಳಮ್ಮ" ಎಂದರು. ಈ ಸಲ ಹುಡುಗಿ ತಲೆಯೆತ್ತಿ, ಅವನನ್ನೇ ನೋಡುತ್ತ, ಹೊರಗಿನ ಬಾಗಿಲಿಗೂ ಕೇಳುವಂತೆ ಹೇಳಿದಳು, ತನ್ನ ಹೆಸರನ್ನೂ ಸೇರಿಸಿ.

ವಾರವಿಡೀ ಅವ್ವನ ಆ ಪ್ರಶ್ನೆ ನನ್ನ ತಲೆಯಿಂದ ಇಳಿದಿಲ್ಲ. ನನ್ನ ಮದುವೆಗೆ ಇಡೀ ಊರೇ ಸಾಕ್ಷಿಯಾಗಿತ್ತು. ಕೇಳಿಸಿದ್ದೇನು? ಬಾಜಾಬಜಂತ್ರಿ. ಅಯ್ಯನವರು ಮಂತ್ರ ಹೇಳಿದರು, ಹಿರಿಯರು ಕೂಗಾಡಿದರು, ಮದುವೆಯಾದ ನಾವಿಬ್ಬರು ಮಾತ್ರ ತುಟಿ ಬಿಚ್ಚಲಿಲ್ಲ. ಆ ದಿನ ನನ್ನ ಹೆಂಡತಿಯ ಬಾಯಿಂದ ಮಾತು ಹೊರಟದ್ದು ಸಂಜೆ, ತಂಗಿಯರು ಹೊಸ್ತಿಲಿಗೆ ಅಡ್ಡ ನಿಂತು "ಹೆಸರು ಹೇಳಿದರೆ ಒಳಗೆ" ಎಂದು ಕಾಡಿದಾಗ, ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಒಡಪಿನಲ್ಲಿ. ಅವ್ವ ಅಪ್ಪನನ್ನು ಬದುಕಿನುದ್ದಕ್ಕೂ "ಇವರು" ಎಂದೇ ಕರೆದವಳು. ಒಡಪಿಲ್ಲದಿದ್ದರೆ ಗಂಡನ ಹೆಸರು ಅವಳ ನಾಲಿಗೆಗೆ ಬರುತ್ತಲೇ ಇರಲಿಲ್ಲ. ಹೆಣ್ಣು ಎಲ್ಲರೆದುರು ಗಂಡನ ಹೆಸರೆತ್ತಿ ಇವನು ನನ್ನವನು ಎನ್ನುವುದಕ್ಕೆ ನಮ್ಮ ಕಡೆ ಇದ್ದದ್ದು ಅದೊಂದೇ ದಾರಿ, ಅದೂ ತಮಾಷೆಯ ಹೆಸರಿನಲ್ಲಿ. ದೆಹಲಿಯಲ್ಲಿ ಕುಳಿತು ಕಾಯಿದೆ ಬರೆದವರಿಗೆ ಒಡಪು ಗೊತ್ತಿತ್ತೋ ಇಲ್ಲವೋ, ಗಂಡೂ ಹೆಣ್ಣಿನ ಹೆಸರು ಹೇಳಬೇಕೆಂದು ಸೇರಿಸಿದ್ದು ಒಳ್ಳೆಯದೇ ಆಯಿತು.

ಹೋಟೆಲಿನಲ್ಲಿ ಅವ್ವ ಒಡಪನ್ನೂ ಬಿಡಲಿಲ್ಲ. ಹುಡುಗಿ ಎರಡು ನಿಮಿಷ ಯೋಚಿಸಿ ಶುರು ಮಾಡಿದಳು:

"ಗೋಕಾಕದ ಕರದಂಟು, ಬೆಳಗಾವಿಯ ಕುಂದಾ,
ರಜೆ ಹಾಕಿ ಸಂದೀಪ ಕಚೇರಿಗೆ ಬಂದಾ."

"ಬಂದರು ಅನ್ನು, ಗಂಡ ಅವನು" ಎಂದಳು ಅವ್ವ.

"ಪ್ರಾಸ ಕೆಡುತ್ತದೆ, ಆಯಿ."

ಹುಡುಗನ ತಾಯಿ ಊಟ ಬಿಟ್ಟು ನಕ್ಕರು. ತಮ್ಮ ಕಾಲದ ಉಖಾಣೆಯೊಂದನ್ನು, ಅಂದರೆ ಅವರ ಕಡೆಯ ಒಡಪನ್ನು, ಮರಾಠಿಯಲ್ಲಿ ಹೇಳಲು ಹೋಗಿ, ಅರ್ಧಕ್ಕೇ ಗಂಡನ ಮುಖ ನೋಡಿ ನಾಚಿಕೊಂಡರು. ಜಗಳದ ತಿಂಗಳುಗಳಲ್ಲಿ ಈ ಹೆಂಗಸು ಬಿಗಿದ ಮುಖ ಸಡಿಲಿಸಿದ್ದನ್ನು ನಾನು ಕಂಡಿರಲಿಲ್ಲ.

ಈಗ ನನ್ನ ಮಗನ ಮದುವೆಯ ಮಾತು ನಡೆದಿದೆ. ಅದು ಕಲ್ಯಾಣ ಮಂಟಪದಲ್ಲೇ. ತಾಳಿ ಕಟ್ಟುವ ಮೊದಲು ಬಜಂತ್ರಿ ನಿಲ್ಲಿಸಿ ಇಬ್ಬರಿಂದಲೂ ಆ ವಾಕ್ಯ ಹೇಳಿಸಬೇಕೆಂದು ಅವ್ವ ಈಗಲೇ ಅಪ್ಪಣೆ ಹೊರಡಿಸಿದ್ದಾಳೆ. ಅಯ್ಯನವರು ಒಪ್ಪಿದ್ದಾರೆ. ಬಜಂತ್ರಿಯವರನ್ನು ಇನ್ನೂ ಕೇಳಬೇಕು.