"ರಾತ್ರಿ ಸಿಂಹ ಬಂದ್ರೆ ಏನ್ಮಾಡ್ತೀರಾ?" ಅನ್ನುವವರಿಗೆ

ಬೋಟ್ಸ್ವಾನಾದ ಕಾಡಿನಲ್ಲಿ ನಾವೇ ಗಾಡಿ ಓಡಿಸಿಕೊಂಡು ಹೋಗಿ, ಗಾಡಿಯ ನೆತ್ತಿಯ ಮೇಲೆ ಟೆಂಟ್ ಬಿಚ್ಚಿ ಮಲಗುವ ಪ್ರವಾಸದ ಮಾತೆತ್ತಿದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ: "ಅಲ್ಲಾ, ರಾತ್ರಿ ಸಿಂಹ ಬಂದ್ರೆ ಏನ್ಮಾಡ್ತೀರಾ?" ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಲಿಫ್ಟಿನಲ್ಲಿ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ಉತ್ತರ: ಏನೂ ಮಾಡಬೇಕಾಗಿಲ್ಲ. ಟೆಂಟಿನ ಜಿಪ್ ಪೂರ್ತಿ ಹಾಕಿಕೊಂಡು ಬಿದ್ದಿರಬೇಕು. ಮೊರೆಮಿ ಅಭಯಾರಣ್ಯದ ಥರ್ಡ್ ಬ್ರಿಜ್, ಖ್ವಾಯ್ ನಾರ್ತ್ ಗೇಟ್, ಚೋಬೆ ರಾಷ್ಟ್ರೀಯ ಉದ್ಯಾನದ ಸವೂಟಿ, ಇಹಾಹಾ, ಈ ಯಾವ ಕ್ಯಾಂಪಿಗೂ ಬೇಲಿಯಿಲ್ಲ. ಸಿಂಹ ಬರುತ್ತದೆ, ಹೋಗುತ್ತದೆ. ಮುಚ್ಚಿದ ಟೆಂಟು ಅದರ ಕಣ್ಣಿಗೆ ತಿನ್ನುವ ವಸ್ತುವಲ್ಲ. ಅಪಾಯ ಇರುವುದು ಟೆಂಟಿನ ಹೊರಗೆ ಬಂದಾಗ. ಹಾಗಾಗಿ ಕತ್ತಲಾದ ಮೇಲೆ ಶೌಚಕ್ಕೆಂದು ನಡೆದು ಹೋಗುವುದು ಬೇಡ; ಒಂದು ಅಗಲ ಬಾಯಿಯ ಬಾಟಲಿ ಟೆಂಟಿನೊಳಗೇ ಇರಲಿ. ಇಳಿಯಲೇಬೇಕೆಂದರೆ ಮೊದಲು ಟಾರ್ಚನ್ನು ಸುತ್ತಲೂ ಹಾಯಿಸಿ. ಕಣ್ಣು ಹೊಳೆದರೆ ಇಳಿಯಬೇಡಿ. ಕ್ಯಾಂಪಿನಲ್ಲಿ ನಿಜವಾಗಿ ಕಾಟ ಕೊಡುವುದು ಕತ್ತೆಕಿರುಬ ಮತ್ತು ಬಬೂನ್ ಕೋತಿ. ಕಿರುಬ ಹೊರಗಿಟ್ಟ ಚಪ್ಪಲಿ, ಕೂಲರ್, ಮಸಿ ಹಿಡಿದ ಬಾಣಲೆ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ. ಬಬೂನ್‌ಗೆ ಒಳಗೆ ತಿಂಡಿಯಿದೆ ಅಂತ ಗೊತ್ತಾದರೆ ಟೆಂಟಿನ ಬಟ್ಟೆಯೇ ಸೀಳಿ ಹೋಗುತ್ತದೆ. ಆನೆಗೆ ಕಿತ್ತಳೆ, ನಿಂಬೆಯ ವಾಸನೆ ಹಿಡಿಸಿದರೆ ಗಾಡಿಯ ಬಾಗಿಲು ಉಳಿಯುವುದಿಲ್ಲ. ಅದಕ್ಕೇ ಚಿತ್ರಾನ್ನದ ಆಸೆಗೆ ನಿಂಬೆಹಣ್ಣು ತುಂಬಿಕೊಳ್ಳಬೇಡಿ, ಹುಣಸೆಹಣ್ಣಿನ ಗೊಜ್ಜು ಒಯ್ಯಿರಿ. ಕಾಯಿ ಬಿಟ್ಟ ಕ್ಯಾಮಲ್‌ಥಾರ್ನ್ ಜಾಲಿ ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ, ಕಾಯಿಗಾಗಿ ಮರ ಅಲ್ಲಾಡಿಸಲು ಆನೆ ಬಂದೇ ಬರುತ್ತದೆ.

ಸಿಂಹದ ವಿಷಯ ಮುಗಿಯಿತು. ನನಗೆ ಸಿಟ್ಟು ಬರುವುದು ಪ್ರಶ್ನೆಯಿಂದಲ್ಲ, ಅದರ ಹಿಂದೆಯೇ ಬರುವ ಮಾತಿನಿಂದ: "ಅದೊಂದು ಬಿಟ್ರೆ ಇನ್ನೇನು, ಫೋರ್ ವೀಲ್ ಡ್ರೈವ್ ಇದ್ಯಲ್ಲ, ಹೋಗ್ತಾ ಇರೋದು." ಹೋಗ್ತಾ ಇರೋದು! ಅಲ್ಲಿ ಪ್ರವಾಸ ಕೆಡುವುದೇ ಈ "ಹೋಗ್ತಾ ಇರೋದು"ರಲ್ಲಿ.

"ಟೈರಿಗೆ ಗಾಳಿ ಎಷ್ಟು ಬಿಡ್ತೀರಾ?" ಅಂತ ಯಾರಾದರೂ ಕೇಳಬಾರದೇ? ಕೇಳುವುದಿಲ್ಲ. ನಾನೇ ಹೇಳುತ್ತೇನೆ.

ಸಾಮಾನು ತುಂಬಿದ ಹೈಲಕ್ಸ್‌ಗೆ (ಟೊಯೊಟಾದ ಪಿಕಪ್ ಗಾಡಿ) ಡಾಂಬರಿನ ಮೇಲೆ ಟೈರಿನ ಗಾಳಿಯ ಒತ್ತಡ 35 ಪಿಎಸ್‌ಐ ಹತ್ತಿರ ಇರುತ್ತದೆ ಅಂದುಕೊಳ್ಳಿ. ಮರಳು ಶುರುವಾಗುವ ಮುಂಚೆ, ಶುರುವಾದ ಮೇಲಲ್ಲ, ಅದನ್ನು 20ಕ್ಕೆ ಇಳಿಸಬೇಕು. ಗಾಳಿ ಕಡಿಮೆಯಾದಾಗ ಟೈರು ಅಗಲವಾಗುವುದಕ್ಕಿಂತ ಹೆಚ್ಚಾಗಿ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಭಾರ ಹಂಚಿಹೋಗಿ ಟೈರು ಮರಳನ್ನು ಅಗೆಯದೆ ಅದರ ಮೇಲೆ ಸಾಗುತ್ತದೆ. ಸಿಕ್ಕಿಬಿದ್ದಾಗ ಇನ್ನೂ ಇಳಿಸಿ 16ರವರೆಗೆ ಹೋಗಬಹುದು. 15ರ ಕೆಳಗೆ ಹೋಗಿ ಸ್ಟಿಯರಿಂಗ್ ಜೋರಾಗಿ ತಿರುಗಿಸಿದರೆ ಟೈರು ರಿಮ್ಮನ್ನೇ ಬಿಟ್ಟು ಬರುತ್ತದೆ. ಮೃದು ಟೈರಿನ ಪಕ್ಕದ ಗೋಡೆ ಉಬ್ಬಿಕೊಂಡಿರುತ್ತದೆ, ಮೊಪಾನೆ ಮರದ ಮೋಟುಗಳು ಸೀಳುವುದು ಅಲ್ಲೇ. ಟೈರು ನೆಲಕ್ಕೆ ತಾಗುವ ಭಾಗದಲ್ಲಿ ಆದ ಪಂಕ್ಚರಿಗೆ ಪ್ಲಗ್ ಹಾಕಬಹುದು, ಪಕ್ಕ ಸೀಳಿದರೆ ಟೈರು ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಸ್ಟೆಪ್ನಿ ಎರಡು.

ಮರಳಿನಲ್ಲಿ ಓಡಿಸುವಾಗ ಹಳೆಯ ಚಕ್ರದ ಜಾಡಿನಲ್ಲೇ ಇರಿ. ಮರಳು ಆಳವಿದ್ದರೆ ಫೋರ್ ವೀಲ್ ಲೋ (ವೇಗ ಕಡಿಮೆ, ಎಳೆತ ಹೆಚ್ಚು) ಹಾಕಿ, ಎರಡು ಅಥವಾ ಮೂರನೇ ಗೇರಿನಲ್ಲಿ ಒಂದೇ ಲಯದಲ್ಲಿ ಎಳೆಸಿ. ನಿಲ್ಲಿಸಬೇಕಾದರೆ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟರೆ ತಾನೇ ನಿಲ್ಲುತ್ತದೆ. ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳಿನ ದಿಬ್ಬ ಎದ್ದು, ಹೊರಡುವಾಗ ಅದನ್ನೇ ಹತ್ತಬೇಕಾಗುತ್ತದೆ. ಚಕ್ರ ಸುಮ್ಮನೆ ತಿರುಗತೊಡಗಿದ ಕ್ಷಣವೇ ಕಾಲು ತೆಗೆಯಬೇಕು. ಇನ್ನೊಂದು ಸಲ ರೊಯ್ಯೆಂದರೆ ಆಕ್ಸಲ್ಲು ಹೂತು ಹೊಟ್ಟೆ ನೆಲಕ್ಕೆ ಕೂರುತ್ತದೆ. ಆಮೇಲೆ ಸಲಿಕೆಯೇ ಗತಿ: ಚಕ್ರದ ಹಿಂದಿನ ಮರಳು, ಆಕ್ಸಲ್ ನಡುವಿನ ಗುಂಡು, ಅಂದರೆ ಡಿಫರೆನ್ಷಿಯಲ್, ಅದರ ಅಡಿಯ ಮರಳು ತೆಗೆದು, ಗಾಳಿ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ. ಗಾಡಿಯನ್ನು ಎತ್ತರಕ್ಕೆ ಎತ್ತುವ ಉದ್ದನೆಯ ಹೈ-ಲಿಫ್ಟ್ ಜಾಕ್ ಗಾಡಿಗೆ ತಗುಲಿಸಿದ್ದನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ. ಈಗಿನ ಗಾಡಿಗಳ ಪ್ಲಾಸ್ಟಿಕ್ ಬಂಪರಿಗೆ ಅದನ್ನು ಕೊಡಲು ಜಾಗವೇ ಇರುವುದಿಲ್ಲ. ಕೈ ಜಾರಿದರೆ ಅದರ ಹಿಡಿ ದವಡೆಗೆ ಬಡಿಯುತ್ತದೆ. ಬಾಟಲ್ ಜಾಕು, ಅದರ ಅಡಿಗೆ ಇಡಲು ದಪ್ಪ ಹಲಗೆ, ಇಷ್ಟಿದ್ದರೆ ಬಹಳಷ್ಟು ಕೆಲಸ ಆಗುತ್ತದೆ. ಎಲ್ಲಕ್ಕೂ ಮೊದಲು ಸುತ್ತ ಪೊದೆ ನೋಡಿ ಇಳಿಯಿರಿ. (ಸರಿ, ಇಲ್ಲಿ ಸಿಂಹ ಲೆಕ್ಕಕ್ಕೆ ಬರುತ್ತದೆ.)

ಡೀಸೆಲ್ ಲೆಕ್ಕವನ್ನೂ ಯಾರೂ ಕೇಳುವುದಿಲ್ಲ. ಮೌನ್ ಊರಲ್ಲಿ ಟ್ಯಾಂಕ್ ತುಂಬಿಸಿದರೆ, ಮೊರೆಮಿ, ಖ್ವಾಯ್, ಸವೂಟಿ ದಾಟಿ ಉತ್ತರದ ಕಸಾನೆ ಊರು ಮುಟ್ಟುವವರೆಗೆ ಬಂಕ್ ಇಲ್ಲವೆಂದೇ ಹೊರಡಬೇಕು. ದಾರಿ ಸುಮಾರು 400 ಕಿ.ಮೀ., ಪ್ರಾಣಿ ನೋಡಲು ದಿನಕ್ಕೆ 50ರಂತೆ ಐದು ದಿನಕ್ಕೆ 250, ಒಟ್ಟು 650. ಮರಳಿನಲ್ಲಿ ಲೀಟರಿಗೆ 6 ಕಿ.ಮೀ. ಹಿಡಿದರೆ 108 ಲೀಟರ್, ಕಾಲುಭಾಗ ಮೀಸಲು ಸೇರಿಸಿದರೆ 135. ಹೈಲಕ್ಸಿನ ಟ್ಯಾಂಕು 80. ಅಂದರೆ ದೊಡ್ಡ ಟ್ಯಾಂಕ್ ಹಾಕಿಸಿದ ಗಾಡಿ ಹಿಡಿಯಿರಿ, ಇಲ್ಲವೇ 20 ಲೀಟರಿನ ಮೂರು ಜೆರಿಕ್ಯಾನ್. ನೀರು ತಲೆಗೆ ದಿನಕ್ಕೆ 5 ಲೀಟರು, ಕುಡಿಯಲು ಮತ್ತು ಅಡುಗೆಗೆ ಮಾತ್ರ. ಕ್ಯಾಂಪುಗಳಲ್ಲಿ ನಲ್ಲಿಯಿದ್ದರೂ ನಾಲ್ವರಿಗೆ ಮೂರು ದಿನದ 60 ಲೀಟರ್ ಗಾಡಿಯಲ್ಲಿರಲಿ. ಇದನ್ನೆಲ್ಲ ಛಾವಣಿಗೆ ಏರಿಸಬೇಡಿ: ಅಲ್ಲಿ ಆಗಲೇ ಎರಡು ಟೆಂಟುಗಳ ಭಾರವಿದೆ. ತಲೆಭಾರದ ಗಾಡಿ ಜಲ್ಲಿ ರಸ್ತೆಯಲ್ಲಿ 100ರ ವೇಗದಲ್ಲಿ ಒಮ್ಮೆ ಜಾರಿದರೆ ಪಲ್ಟಿ. ಅಲ್ಲಿ ಪ್ರವಾಸಿಗರನ್ನು ಆಸ್ಪತ್ರೆಗೆ ಸೇರಿಸುವುದು ಇದು. ಬಾಡಿಗೆ ಕರಾರನ್ನು ಓದಿ ನೋಡಿ. ಟೈರು, ಗಾಜು, ಗಾಡಿಯ ತಳ, ನೀರಿನಿಂದಾದ ಹಾನಿ, ಬೇರೆ ಗಾಡಿ ತಾಗದೆ ಆದ ಪಲ್ಟಿ, ಇವೆಲ್ಲ ವಿಮೆಯಿಂದ ಹೊರಗಿರುವುದೇ ಹೆಚ್ಚು.

"ಮಳೆ ಇಲ್ದಾಗ ಹೋದ್ರೆ ನೀರಿರಲ್ಲ ಅಲ್ವಾ?" ಅನ್ನುವವರಿಗೆ: ಅಲ್ಲಿನ ಒಕವಾಂಗೊ ನದೀ ಮುಖಜಭೂಮಿ (ಡೆಲ್ಟಾ) ತುಂಬುವುದು ಅಂಗೋಲಾದ ಬೆಟ್ಟಗಳ ಮಳೆಯಿಂದ. ಆ ನೀರು ತಿಂಗಳುಗಟ್ಟಲೆ ನಿಧಾನವಾಗಿ ಹರಿದು ಮೌನ್ ಕಡೆ ಮುಟ್ಟುವುದು ಜೂನ್, ಜುಲೈ ಹೊತ್ತಿಗೆ. ಆಗ ಅಲ್ಲಿ ಒಂದು ಹನಿ ಮಳೆಯಿರುವುದಿಲ್ಲ, ರಾತ್ರಿ ನಡುಗುವಷ್ಟು ಚಳಿ. ಒಣ ಕಾಲದಲ್ಲೇ ಖ್ವಾಯ್ ಕಡೆ ನೀರು ದಾಟುವ ಜಾಗಗಳು ಆಳವಾಗುತ್ತವೆ. ನಮ್ಮಲ್ಲಿ ಹಳ್ಳ ದಾಟುವ ಮೊದಲು ಒಬ್ಬರು ಇಳಿದು ನಡೆದು ನೋಡುವುದು ಬುದ್ಧಿವಂತಿಕೆ. ಅಲ್ಲಿ ಮೊಸಳೆ, ನೀರಾನೆ ಇರುವುದರಿಂದ ಹಾಗೆ ಮಾಡುವಂತಿಲ್ಲ. ಎರಡೂ ದಡದಲ್ಲಿ ಹಸಿ ಜಾಡಿದೆಯೇ ನೋಡಿ, ಇನ್ನೊಂದು ಗಾಡಿ ದಾಟುವವರೆಗೆ ಕಾಯಿರಿ. ಗಾಡಿ ನೀರಿಗಿಳಿಯುವ ಮೊದಲೇ ಲೋ ಎರಡನೇ ಗೇರು ಹಾಕಿ, ಇಳಿದ ಮೇಲೆ ಕ್ಲಚ್ ಮುಟ್ಟಬೇಡಿ. ಅನುಮಾನವಿದ್ದರೆ ಸುತ್ತು ಹಾಕಿ ಹೋಗಿ, ಯಾರೂ ನಗುವುದಿಲ್ಲ.

ಮಳೆಗಾಲದ ಕಥೆ ಬೇರೆ. ಖ್ವಾಯ್ ದಾಟಿದ ಮೇಲೆ ಸಿಗುವ ಮಬಾಬೆಯಿಂದ ಸವೂಟಿಗೆ ಎರಡು ದಾರಿ: ಒಂದು ಮರಳಿನ ದಿಣ್ಣೆಯದು, ಇನ್ನೊಂದು ಜೌಗಿನದು. ಜೌಗಿನ ದಾರಿ ಅಪ್ಪಟ ಎರೆಮಣ್ಣು. ಮಳೆ ಬಿದ್ದ ಎರೆಹೊಲಕ್ಕೆ ಗಾಡಿ ಇಳಿಸಿದರೆ ಏನಾಗುತ್ತದೆಂದು ಗದಗ, ವಿಜಯಪುರದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಟೈರಿನ ಗೀರುಗಳಲ್ಲಿ ಮಣ್ಣು ತುಂಬಿ ಚಕ್ರ ನುಣ್ಣಗಾಗುತ್ತದೆ, ಗಾಳಿ ಇಳಿಸಿದರೂ ಅಷ್ಟೇ. ನವೆಂಬರಿನಿಂದ ಮಾರ್ಚ್‌ವರೆಗೆ ಮರಳಿನ ದಾರಿಯೇ ವಾಸಿ. ಮಳೆ ಮುಗಿದ ಮೇಲೆ ಹುಲ್ಲು ಎತ್ತರಕ್ಕೆ ಬೆಳೆದಿರುತ್ತದೆ. ಅದರ ಬೀಜ ರೇಡಿಯೇಟರ್ ಮುಚ್ಚಿ ಎಂಜಿನ್ ಕಾಯುತ್ತದೆ, ಹಾಗಾಗಿ ಮುಂದೆ ಜಾಲರಿ ಕಟ್ಟಿ. ಗಾಡಿಯ ಅಡಿಯಲ್ಲಿ ಸೈಲೆನ್ಸರ್ ಸುತ್ತ ಸಿಕ್ಕ ಒಣಹುಲ್ಲು ಹೊತ್ತಿಕೊಂಡು ಗಾಡಿಯೇ ಸುಟ್ಟುಹೋಗುವುದುಂಟು. ಆಗಾಗ ಬಗ್ಗಿ ನೋಡಿ ಕಿತ್ತುಹಾಕಿ.

ಬೆಂಗಳೂರಿನಿಂದ ಹೊರಡುವವರಿಗೆ ಒಂದು ಮಾತು. ಸ್ಯಾಟಲೈಟ್ ಫೋನ್, ಉಪಗ್ರಹ ಸಂದೇಶ ಕಳಿಸುವ ಪುಟ್ಟ ಸಾಧನ ಯಾವುದನ್ನೂ ಇಲ್ಲಿಂದ ಒಯ್ಯಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದೇ ಅಪರಾಧ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಅಲ್ಲೇ ಬಾಡಿಗೆಗೆ ಪಡೆಯಿರಿ, ಮೊಬೈಲ್ ಸಿಗ್ನಲ್ ನಂಬಬೇಡಿ. ಕ್ಯಾಂಪುಗಳನ್ನು ಬೇರೆ ಬೇರೆ ಖಾಸಗಿಯವರು ನಡೆಸುತ್ತಾರೆ, ಪ್ರತಿಯೊಂದಕ್ಕೂ ಬೇರೆ ಬುಕಿಂಗ್. ಮೊದಲು ಕ್ಯಾಂಪ್ ಸಿಗಲಿ, ಆಮೇಲೆ ವಿಮಾನದ ಟಿಕೆಟ್.

ಕೊನೆಗೆ ಮತ್ತೆ ಟೈರಿನ ಗಾಳಿ. ಸವೂಟಿಯಿಂದ ಕಚಿಕಾವು ಹಳ್ಳಿಯವರೆಗಿನ ಮರಳು ಮೌನ್‌ನಿಂದ ಕಸಾನೆಯ ದಾರಿಯಲ್ಲೇ ಕೆಟ್ಟದ್ದು; ಬೆಳಗಿನ ತಂಪಿನಲ್ಲೇ ಹೊರಡಿ, ಬಿಸಿಲೇರಿದಂತೆ ಮರಳು ಸಡಿಲವಾಗುತ್ತದೆ. ಕಚಿಕಾವುನಲ್ಲಿ ಡಾಂಬರು ಸಿಗುತ್ತದೆ. ಅಲ್ಲೇ ನಿಲ್ಲಿಸಿ ಗಾಳಿ ತುಂಬಿಸಿ. ಮೃದು ಟೈರಿನಲ್ಲಿ ಡಾಂಬರಿನ ಮೇಲೆ ಓಡಿಸಿದರೆ ಟೈರು ಒಳಗಿಂದೊಳಗೆ ಕಾದು ಸಿಡಿಯುತ್ತದೆ. ಎಂಜಿನ್ ಚಾಲೂ ಇಟ್ಟೇ ಕಂಪ್ರೆಸರ್ ಓಡಿಸಿ, ಇಲ್ಲವಾದರೆ ಬ್ಯಾಟರಿ ಇಳಿಯುತ್ತದೆ. ಎರಡು ಟೈರು ಆದ ಮೇಲೆ ಕಂಪ್ರೆಸರ್ ಆರಲು ಬಿಡಿ. ಕೆಂಪಗೆ ಕಾದ ಕಂಪ್ರೆಸರ್ ಮೂರನೇ ಟೈರಿನ ಅರ್ಧದಲ್ಲಿ ಕೈಕೊಟ್ಟರೆ ಮುಂದಿನ ಬಂಕ್ ಕಸಾನೆಯಲ್ಲಿ.